ಮನೆಗಾಡಿಯ ನೆತ್ತಿ

ಇಂಜಿನಿಯರ್ ಕದಿರೇಶನ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಸಂಸ್ಥೆಯ ಸೆಕ್ರೆಟರಿ ಕೋದಂಡರಾಮಪ್ಪನವರ ಹೆಸರೆತ್ತಿದರೆ ಇನ್ನೂ ಸ್ವಲ್ಪ ಜಾಸ್ತಿಯೇ ಉರಿಯುತ್ತದೆ. ಡ್ರೈವರ್ ಆಂಜಿನಪ್ಪನ ಮೇಲೆ ಬಂದ ಸಿಟ್ಟು ಒಂದು ಗಳಿಗೆಯಲ್ಲಿ ಇಳಿಯಿತು. ನನ್ನ ಮೇಲೆ ನನಗೆ ಬಂದದ್ದು ಮಾತ್ರ ಇನ್ನೂ ಇಳಿದಿಲ್ಲ.

ನಾನು ಅಶ್ವತ್ಥಮ್ಮ, ನರ್ಸು. ಬಾಯಿ ಜೋರು ಎಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕಿನಲ್ಲಿ ಹೆಸರು ಮಾಡಿದವಳು. ಕೋಲಾರದ ಒಂದು ಸೇವಾಸಂಸ್ಥೆಗೆ ಯಾರೋ ಪುಣ್ಯಾತ್ಮರು ಕೊಟ್ಟ ಹಳೆಯ ಮೆಟಡೋರ್ ವ್ಯಾನಿನಲ್ಲಿ ವಾರಕ್ಕೆ ಐದು ದಿನ ನನ್ನ ಸಂಸಾರ. ಹಿಂದಿನ ಸೀಟುಗಳನ್ನು ಕಿತ್ತು ಒಂದು ಮಂಚ ಹಾಕಿದ್ದರು. ಸೀಮೆಎಣ್ಣೆ ಸ್ಟೋವು, ನೀರಿನ ಕೊಳಗ, ಸೀರೆ ನೇತುಹಾಕಲು ಒಂದು ಹಗ್ಗ, ಕಿಟಕಿಗೆ ಹೂವಿನ ಪರದೆ, ಎಲ್ಲ ಇತ್ತು. ಹಳ್ಳಿ ಸುತ್ತುವುದು, ಕತ್ತಲಾದರೆ ಅಲ್ಲೇ ನಿಲ್ಲಿಸಿ ಒಳಗೆ ಚಿಲಕ ಹಾಕಿಕೊಂಡು ಮಲಗುವುದು. ಆಂಜಿನಪ್ಪ ಊರ ಶಾಲೆಯ ಜಗುಲಿಯಲ್ಲಿ ಮಲಗುತ್ತಿದ್ದ. ಜನ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟಿದ್ದರು.

ಆ ಹೆಸರು ಸುಮ್ಮನೆ ಬರಲಿಲ್ಲ, ಆರು ವರ್ಷ ಹಿಡಿಯಿತು. ಮೊದಲು ಅದಕ್ಕೆ ಆಪರೇಷನ್ ಗಾಡಿ ಎನ್ನುತ್ತಿದ್ದರು. ಎಮರ್ಜೆನ್ಸಿ ಕಾಲದಲ್ಲಿ ಇಂಥದೇ ಗಾಡಿಗಳು ಸಂತೆ ಬಾಗಿಲಲ್ಲಿ ನಿಂತು ಗಂಡಸರನ್ನು ಸಂತಾನಹರಣದ ಆಪರೇಷನ್ನಿಗೆ ಹತ್ತಿಸಿಕೊಂಡು ಹೋಗಿದ್ದವು. ಐದಾರು ವರ್ಷವಾದರೂ ನಮ್ಮ ವ್ಯಾನಿನ ಸದ್ದು ಕೇಳಿದರೆ ಗಂಡಸರು ರಾಗಿ ಹೊಲಕ್ಕೆ ಬೀಳುತ್ತಿದ್ದರು, ಹೆಂಗಸರು ಮಕ್ಕಳನ್ನು ಒಳಗೆ ಕೂಡಿ ಬಾಗಿಲು ಹಾಕುತ್ತಿದ್ದರು. ನನ್ನ ಕೆಲಸವೋ ಮಕ್ಕಳಿಗೆ ಪೋಲಿಯೋ ಹನಿ ಹಾಕುವುದು. ಬಾಗಿಲೇ ತೆಗೆಯದಿದ್ದರೆ ಯಾರ ಬಾಯಿಗೆ ಹಾಕಲಿ? ಒಬ್ಬೊಬ್ಬರ ಮನೆಯ ಮುಂದೆ ಕೂತು, ಬೈಸಿಕೊಂಡು, ಬೈದು, ಅವರ ಹೆರಿಗೆಗೆ ಹೋಗಿ, ಅವರ ಹುಣ್ಣು ತೊಳೆದು ಆ ಬಾಗಿಲುಗಳನ್ನು ತೆಗೆಸಿದೆ.

ತೆಗೆಯದೆ ಉಳಿದದ್ದು ಒಂದೇ ಬಾಗಿಲು. ಶ್ರೀನಿವಾಸಪುರದಾಚೆ ಆಂಧ್ರದ ಗಡಿಗೆ ಅಂಟಿಕೊಂಡ ನಲ್ಲಬಂಡಪಲ್ಲಿಯಲ್ಲಿ ಚಿಕ್ಕಗಂಗಮ್ಮ ಎನ್ನುವ ಹೆಂಗಸು. ಅವಳ ಗಂಡನನ್ನು ಸಂತೆಯಿಂದ ಎತ್ತಿಕೊಂಡು ಹೋಗಿ ಕೊಯ್ದು ಕಳಿಸಿದ್ದರು. ಆಗ ಅವರಿಗಿದ್ದದ್ದು ಒಂದೇ ಹೆಣ್ಣುಮಗು. ಗಾಯ ಕೀವಾಗಿ ಎರಡು ತಿಂಗಳು ಮಲಗಿದ ಆ ಮನುಷ್ಯ ಆಮೇಲೆ ಸಂತೆಯ ಕಡೆ ತಲೆಹಾಕಲಿಲ್ಲ. ನಾನು ಮೊದಲ ಸಲ ಆ ಊರಿಗೆ ಹೋದಾಗ ಚಿಕ್ಕಗಂಗಮ್ಮ ವ್ಯಾನಿನ ಮೇಲೆ ಒಂದು ಕೊಡ ಸಗಣಿ ನೀರು ಎರಚಿದಳು. ಎರಡನೇ ಸಲವೂ ಎರಚಿದಳು. ಆಂಜಿನಪ್ಪ ಗಾಡಿ ತೊಳೆದು ತೊಳೆದು ಸಾಕಾಗಿ, ಆ ಊರಿಗೆ ಬರುವ ಮುಂಚೆಯೇ ಎರಡು ಬಕೆಟ್ ನೀರು ತುಂಬಿಟ್ಟುಕೊಳ್ಳುತ್ತಿದ್ದ. ಅವಳ ಮಗಳಿಗೆ ಒಂದು ಗಂಡುಮಗು ಆಯಿತು. ಆ ಮಗುವಿಗೆ ಹನಿ ಹಾಕಬೇಕು ಎನ್ನುವುದು ನನಗೆ ಹಟವಾಗಿ ಕೂತುಬಿಟ್ಟಿತ್ತು.

ಈ ಹನಿಗೆ ಸದಾ ತಂಪು ಬೇಕು. ಹಾಲು ಕೆಟ್ಟರೆ ಒಡೆಯುತ್ತದೆ, ವಾಸನೆ ಬರುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಹನಿ ಸತ್ತರೆ ಏನೂ ಗೊತ್ತಾಗುವುದಿಲ್ಲ. ಅದೇ ಬಣ್ಣ, ಅದೇ ಸೀಸೆ. ಮಗುವಿನ ಕಾಲು ಸೊಟ್ಟಗಾದ ಮೇಲೇ ಗೊತ್ತಾಗುವುದು. ಶ್ರೀನಿವಾಸಪುರದ ಐಸ್ ಕ್ಯಾಂಡಿ ಫ್ಯಾಕ್ಟರಿಯಿಂದ ಐಸ್ ಒಡೆಸಿಕೊಂಡು ಡಬ್ಬದಲ್ಲಿ ಒಯ್ಯುತ್ತಿದ್ದೆ. ಅದು ಒಂದೂವರೆ ದಿನ ತಡೆಯುತ್ತಿತ್ತು. ಆಮೇಲೆ ಮತ್ತೆ ಪೇಟೆಗೆ ಓಡಬೇಕು. ದೂರದ ಹಳ್ಳಿಗಳಿಗೆ ಹೋಗಲಾಗುತ್ತಿರಲಿಲ್ಲ.

ಅದಕ್ಕೇ ಎಂಬತ್ತೇಳನೇ ಇಸವಿ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ನಾಲ್ಕು ಸೋಲಾರ್ ಪ್ಯಾನಲ್, ಒಂದು ಪುಟ್ಟ ಫ್ರಿಜ್ಜು, ಎರಡು ಬ್ಯಾಟರಿ ಬಂದವು. ಪ್ಯಾನಲ್ಲುಗಳನ್ನು ಗಾಡಿಯ ನೆತ್ತಿಯ ಮೇಲೆ ಕೂರಿಸಬೇಕು. ಬಿಸಿಲು ಬಿದ್ದರೆ ಕರೆಂಟು, ಕರೆಂಟಿದ್ದರೆ ಫ್ರಿಜ್ಜು, ಫ್ರಿಜ್ಜಿದ್ದರೆ ಹನಿ ಬದುಕುತ್ತದೆ. ನನಗೆ ಹಬ್ಬ ಬಂದಂತಾಯಿತು. ಜೊತೆಯಲ್ಲಿ ಇಂಜಿನಿಯರ್ ಕದಿರೇಶನೂ ಬಂದ. ಇಪ್ಪತ್ತಾರು ವರ್ಷದವನು, ಜೇಬಿನಲ್ಲಿ ಮೂರು ಪೆನ್ನು, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಸೆಕ್ರೆಟರಿಯವರ ಜೊತೆ ಮಾತ್ರ ಮಾತಾಡುತ್ತಿದ್ದ, ಅದೂ ಇಂಗ್ಲಿಷಿನಲ್ಲಿ.

ಕೆಲಸ ನಡೆದದ್ದು ಮುಳಬಾಗಿಲಿನಲ್ಲಿ, ಹೈವೇ ಪಕ್ಕ ತಾಜ್ ಪಾಷಾ ಅವರ ಶೆಡ್ಡಿನಲ್ಲಿ. ಲಾರಿಗೆ ಬಾಡಿ ಕಟ್ಟುವವರು. ತಗಡಿನ ಮೇಲೆ ಅಂಗೈ ಆಡಿಸಿ, ಮಳೆ ಬಂದರೆ ಇಲ್ಲಿ ಸೋರುತ್ತದೆ ಎಂದು ಬೆರಳಿಟ್ಟು ತೋರಿಸುವವರು. ಕದಿರೇಶ ನಕ್ಷೆ ಬಿಚ್ಚಿ, ನೆತ್ತಿಯ ತಗಡಿಗೆ ಹದಿನಾರು ತೂತು ಕೊರೆದು ಬೋಲ್ಟ್ ಬಿಗಿಯಬೇಕೆಂದು ತೋರಿಸಿದ. ಪಾಷಾ ಅವರು ನಕ್ಷೆ ನೋಡಲಿಲ್ಲ. ಬಾಗಿಲು ತೆಗೆದು ಒಳಗೆ ನನ್ನ ಮಂಚ ನೋಡಿದರು, ಸ್ಟೋವು ನೋಡಿದರು.

"ಸಾರ್, ಇದರ ಕೆಳಗೆ ಅಮ್ಮ ಮಲಗ್ತಾರೆ. ಹದಿನಾರು ತೂತು ಹಾಕಿದ್ರೆ ಇದು ಗಾಡಿ ಅಲ್ಲ, ಜರಡಿ" ಎಂದರು.

ಕದಿರೇಶನ ಮುಖ ಕೆಂಪಾಯಿತು. ನಕ್ಷೆಯಲ್ಲಿರುವಂತೆ ಮಾಡದಿದ್ದರೆ ಗಾಳಿಗೆ ಹಾರಿಹೋಗುತ್ತದೆ, ಜವಾಬ್ದಾರಿ ತನ್ನದಲ್ಲ ಎಂದ. ಪಾಷಾ ಅವರು ತಮ್ಮದೇ ರೀತಿಯಲ್ಲಿ ಕೆಲಸಕ್ಕಿಳಿದರು. ನೆತ್ತಿಯ ಎರಡೂ ಅಂಚಿಗೆ ಮಳೆನೀರು ಹರಿಯಲು ಒಂದು ದೋಣಿ ಇರುತ್ತದಲ್ಲ, ಆ ದೋಣಿಯನ್ನೇ ಕಚ್ಚಿ ಹಿಡಿಯುವ ಕೊಕ್ಕೆಗಳನ್ನು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟೆ ಕಾಯಿಸಿ ಬಡಿದು ಮಾಡಿದರು. ಕೊಕ್ಕೆಗೂ ತಗಡಿಗೂ ನಡುವೆ ಟೈರಿನ ಟ್ಯೂಬು ಕತ್ತರಿಸಿ ಇಟ್ಟರು. ಅದರ ಮೇಲೆ ಆಂಗಲ್ ಚೌಕಟ್ಟು, ಕೆಳಗೆ ಗಾಳಿಯಾಡಲು ನಾಲ್ಕು ಬೆರಳು ಜಾಗ, ಚೌಕಟ್ಟಿನ ಮೇಲೆ ನಾಲ್ಕು ಪ್ಯಾನಲ್. ಹಿಂದಿನ ಬಾಗಿಲ ಪಕ್ಕ ಮೇಲೆ ಹತ್ತಲು ಕಬ್ಬಿಣದ ಏಣಿ. ತಂತಿಯನ್ನು ಮೊದಲೇ ಇದ್ದ ಗಾಳಿಕಿಂಡಿಯಿಂದ ಒಳಗಿಳಿಸಿದರು. ನೆತ್ತಿಗೆ ಒಂದೇ ಒಂದು ತೂತು ಬೀಳಲಿಲ್ಲ. ಎರಡು ದಿನ ಅವರು ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಕೆಳಗಿಳಿಯಲಿಲ್ಲ. ಆಮೇಲೆ ನಂಗಲಿಯವರೆಗೆ ಗಾಡಿ ಓಡಿಸಿಕೊಂಡು ಹೋಗಿ ಬಂದು, ಒಂದೊಂದು ಕೊಕ್ಕೆಯನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿದರು.

ಆ ಎರಡು ದಿನವೂ ಆಂಜಿನಪ್ಪ ಏಣಿ ಹಿಡಿದುಕೊಂಡು ನಿಂತಿದ್ದ. ಮೇಲೆ ಇಂಗ್ಲಿಷು, ಕೆಳಗೆ ಅವನು. ಇಪ್ಪತ್ತು ವರ್ಷ ಲಾರಿ ಓಡಿಸಿದವನು, ಇಂಜಿನ್ನಿನ ಕೆಮ್ಮು ಕೇಳಿ ಕಾಯಿಲೆ ಹೇಳುವವನು, ಅವನನ್ನು ಯಾರೂ ಒಂದು ಮಾತು ಕರೆದು ಇದು ಹೀಗೆ ಎಂದು ಹೇಳಲಿಲ್ಲ. ತಂತಿಯೆಲ್ಲ ಕೂಡಿಸಿದ ಮೇಲೆ ಗಾಡಿಯನ್ನು ಶೆಡ್ಡಿನ ನೆರಳಿನಿಂದ ಬಿಸಿಲಿಗೆ ತಳ್ಳಿದರು. ಸತ್ತಂತಿದ್ದ ಕರೆಂಟ್ ಮೀಟರಿನ ಮುಳ್ಳು ಎದ್ದು ನಿಂತಿತು. ನಾನು ನೋಡಿದೆ, ಸೆಕ್ರೆಟರಿ ನೋಡಿದರು, ಶೆಡ್ಡಿನ ಆಳುಗಳೆಲ್ಲ ನೋಡಿದರು. ಆಂಜಿನಪ್ಪ ನೋಡಲಿಲ್ಲ. ಇಂಜಿನಿಯರಿಗೆ ಟೀ ತರಲೆಂದು ಅವನನ್ನು ಹೋಟೆಲಿಗೆ ಕಳಿಸಿದ್ದರು. ಕಳಿಸಿದವಳು ನಾನೇ.

ಹೊರಡುವಾಗ ಕದಿರೇಶ ಅವನಿಗೆ ಕನ್ನಡದಲ್ಲಿ ಎರಡು ಮಾತು ಹೇಳಿದ. ಗಾಜಿನ ಮೇಲೆ ಧೂಳು ಕೂರಬಾರದು. ಒಂದು ಗೀರು ಬಿದ್ದರೂ ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ. ಇಷ್ಟೇ.

ಆ ವಾರ ಆಂಜಿನಪ್ಪ ಬಂದು, ಅಕ್ಕ, ನಮ್ಮೋಳು ಆ ಗಾಜಿಗೆ ಒಂದು ಗವಸು ಹೊಲಿದುಕೊಡ್ತಾಳಂತೆ, ಬಟ್ಟೆ ಏನಾದರೂ ಇದೆಯಾ ಎಂದು ಕೇಳಿದ. ಅವನ ಹೆಂಡತಿ ವೆಂಕಟರತ್ನಮ್ಮನದು ಒಳ್ಳೆಯ ಕೈ. ಆಗ ನಮ್ಮಲ್ಲಿ ಬೆಲೆಬಾಳುವುದೆಲ್ಲಕ್ಕೂ ಗವಸು ಹೊಲಿಯುತ್ತಿದ್ದರು. ರೇಡಿಯೋಗೆ ಗವಸು, ಮಿಕ್ಸಿಗೆ ಗವಸು, ಟೀವಿ ಬಂದವರ ಮನೆಯಲ್ಲಿ ಟೀವಿಗೆ ಕಸೂತಿಯ ಗವಸು. ರಾತ್ರಿಗೆ, ಮಳೆಗೆ ಇರಲಿ ಬಿಡು ಎಂದುಕೊಂಡೆ. ಸ್ಟೋರಿನಲ್ಲಿದ್ದ ಹಳೆಯ ಹಸಿರು ಬಟ್ಟೆ, ಆಪರೇಷನ್ ಟೇಬಲ್ಲಿಗೆ ಹಾಸುವುದು, ನಾನೇ ಕೈಯಾರೆ ಕೊಟ್ಟೆ. ಯಾವಾಗ ಹಾಕುತ್ತೀಯ ಎಂದು ಕೇಳಲಿಲ್ಲ.

ಮಾರ್ಚ್ ಮೊದಲ ಸೋಮವಾರ ಹೊರಟೆವು. ಫ್ರಿಜ್ಜಿನ ಬಾಗಿಲಿಗೆ ಒಂದು ಥರ್ಮಾಮೀಟರ್ ಇತ್ತು. ಮುಳ್ಳು ಎರಡಕ್ಕೂ ಎಂಟಕ್ಕೂ ನಡುವೆ ಇರಬೇಕು. ಸೋಮವಾರ ಸಂಜೆ ಹತ್ತು ತೋರಿಸಿತು. ಮಂಗಳವಾರ ಹದಿನಾಲ್ಕು. ನಾನು ಶ್ರೀನಿವಾಸಪುರದ ಪೋಸ್ಟಾಫೀಸಿಗೆ ಹೋಗಿ ಕೋಲಾರಕ್ಕೆ ಫೋನು ಮಾಡಿದೆ. ಸೆಕ್ರೆಟರಿಯವರು ಕದಿರೇಶನನ್ನು ಕೇಳಿ ತಿರುಗಿ ಹೇಳಿದರು. ಹೊಸ ಯಂತ್ರ, ಮುಳ್ಳು ಸರಿಹೋಗಲು ಎಂಟು ದಿನ ಬೇಕು, ಸುಮ್ಮನೆ ಗಾಬರಿಯಾಗಬೇಡಿ, ಕೆಲಸ ನಿಲ್ಲಿಸಬೇಡಿ. ದುಡ್ಡು ಕೊಟ್ಟವರಿಗೆ ಈ ವಾರವೇ ವರದಿ ಕಳಿಸಬೇಕು, ಎಷ್ಟು ಮಕ್ಕಳು ಎಂದು ಬರೆಯಬೇಕು.

ಇಲ್ಲಿ ನಾನು ಮಾಡಿದ್ದು ಹೇಳುತ್ತೇನೆ. ನಾನು ಹದಿನೆಂಟು ವರ್ಷ ಸರ್ವಿಸಾದ ನರ್ಸು. ಮುಳ್ಳು ಹದಿನಾಲ್ಕು ಎಂದರೆ ಹದಿನಾಲ್ಕು ಎಂದು ನನಗೆ ಗೊತ್ತು. ಆದರೂ ನನ್ನ ಕಣ್ಣನ್ನು ನಂಬದೆ ಜೇಬಿನಲ್ಲಿ ಮೂರು ಪೆನ್ನಿಟ್ಟವನ ಮಾತು ನಂಬಿದೆ. ಬುಧವಾರವೂ ಹನಿ ಹಾಕಿದೆ. ಗುರುವಾರ ನಲ್ಲಬಂಡಪಲ್ಲಿಗೆ ಹೋದೆ.

ಆವತ್ತು ಊರ ಕಟ್ಟೆಯ ಹತ್ತಿರ ಮಕ್ಕಳಿಗೆಲ್ಲ ಹನಿ ಹಾಕಿ ಆದ ಮೇಲೆ ಚಿಕ್ಕಗಂಗಮ್ಮ ಬಂದಳು. ಕೈಯಲ್ಲಿ ಕೊಡ ಇರಲಿಲ್ಲ. ಕಂಕುಳಲ್ಲಿ ಮೊಮ್ಮಗ ಇದ್ದ, ಹಿಂದೆ ಮಗಳು. ಊರವರೆಲ್ಲ ತಿರುಗಿ ನೋಡಿದರು. ಅವಳು ನನ್ನ ಮುಂದೆ ನಿಂತು, ಗಾಡಿಯನ್ನು ನಂಬಿ ಅಲ್ಲ, ಸರ್ಕಾರವನ್ನು ನಂಬಿ ಅಲ್ಲ, ನಿನ್ನೊಬ್ಬಳ ಮಾತಿನ ಮೇಲೆ ತಂದಿದ್ದೀನಿ ಎಂದಳು. ನಾನು ಎರಡು ಹನಿ ಹಾಕಿದೆ. ಆವತ್ತು ರಾತ್ರಿ ಮಂಚದ ಮೇಲೆ ಕೂತು ಖುಷಿಗೆ ಅತ್ತೆ ಎಂದರೆ ನಂಬುತ್ತೀರಾ?

ಶನಿವಾರ ಬೆಳಿಗ್ಗೆ ಕೋಲಾರಕ್ಕೆ ಹೊರಡುವ ಮುಂಚೆ ಫ್ರಿಜ್ಜಿನೊಳಗೆ ಕೈ ಹಾಕಿದೆ. ಒಳಗೆ ಇಟ್ಟಿದ್ದ ಐಸ್ ಚೀಲಗಳು ನೀರಾಗಿ, ಆ ನೀರೂ ಉಗುರುಬೆಚ್ಚಗೆ ಆಗಿತ್ತು. ಬಟ್ಟೆ ಒಗೆದ ಮೇಲೆ ಬಕೆಟ್ಟಿನಲ್ಲಿ ಉಳಿಯುತ್ತದಲ್ಲ, ಆ ಬಿಸಿ. ಅರವತ್ತೇಳು ಮಕ್ಕಳು. ಅರವತ್ತೇಳು ಮಕ್ಕಳಿಗೆ ನಾನು ಸತ್ತ ಹನಿ ಹಾಕಿದ್ದೆ, ಅವರ ತಾಯಂದಿರು ಇನ್ನು ಭಯವಿಲ್ಲ ಎಂದು ಮನೆಗೆ ಹೋಗಿದ್ದರು.

ಕೋಲಾರದ ಆಫೀಸಿನಲ್ಲಿ ಕದಿರೇಶ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ತಾನು ಮೊದಲೇ ಹೇಳಿದ್ದೆ, ಆ ಲಾರಿ ಬಾಡಿಯವನು ನಕ್ಷೆಯಂತೆ ಮಾಡಲಿಲ್ಲ, ರಸ್ತೆಯ ಕುಲುಕಿಗೆ ತಂತಿ ಸಡಿಲವಾಗಿರುತ್ತದೆ, ಒಳ್ಳೆಯ ತಂತಿ ಎತ್ತಿಕೊಂಡು ಕಳಪೆ ತಂತಿ ಹಾಕಿದ್ದರೂ ಹಾಕಿರಬಹುದು ಎಂದ. ನನಗೆ ಅಷ್ಟೇ ಸಾಕಾಯಿತು. ನೇರವಾಗಿ ಮುಳಬಾಗಿಲಿಗೆ ಗಾಡಿ ಬಿಡಿಸಿದೆ.

ಶೆಡ್ಡಿನಲ್ಲಿ ಮೂರು ಲಾರಿ ನಿಂತಿದ್ದವು. ಡ್ರೈವರುಗಳು, ಕ್ಲೀನರುಗಳು, ಬಣ್ಣ ಬಳಿಯುವವರು, ಎಲ್ಲರ ಎದುರಿಗೆ ತಾಜ್ ಪಾಷಾ ಅವರನ್ನು ಬೈದೆ. ಏನು ಬೈದೆ ಎಂದು ಈಗ ಬರೆಯಲಾರೆ. ಕಳ್ಳ ಎಂದೆ. ಮಕ್ಕಳ ಬಾಯಿಗೆ ಮಣ್ಣು ಹಾಕಿದಿರಿ ಎಂದೆ. ಅವರ ವಯಸ್ಸು ನೋಡಲಿಲ್ಲ, ಎರಡು ದಿನ ಶೆಕೆಯಲ್ಲಿ ನನ್ನ ಗಾಡಿಯ ನೆತ್ತಿಯ ಮೇಲೆ ಕೂತಿದ್ದವರು ಎನ್ನುವುದನ್ನೂ ನೋಡಲಿಲ್ಲ. ಅವರು ಕೈ ಒರೆಸಿಕೊಂಡು ಮೀಟರು ತಂದರು. ಗಾಡಿ ಆಗಷ್ಟೇ ಬಂದು ಅಂಗಳದ ಬಿಸಿಲಿನಲ್ಲಿ ನಿಂತಿತ್ತು. ಮುಳ್ಳು ಚೆನ್ನಾಗಿಯೇ ಎದ್ದಿತು. ತಂತಿಯ ಒಂದು ತುದಿ ಬಿಚ್ಚಿ ನನಗೆ ತೋರಿಸಿದರು. ಹೊಳೆಯುವ ತಾಮ್ರ.

ಇಲ್ಲಿ ಸರಿಯಾಗಿದೆ, ಹಳ್ಳಿಯಲ್ಲಿ ಕೆಡುತ್ತದೆ ಎಂದರೆ ಹಳ್ಳಿಗೇ ಬಂದು ನೋಡಬೇಕು ಎಂದರು. ಸೋಮವಾರ ನಮ್ಮ ಜೊತೆ ಗಾಡಿಯಲ್ಲಿ ಕೂತರು.

ಶ್ರೀನಿವಾಸಪುರ ದಾಟಿ ಒಂದು ಹಳ್ಳಿಯ ಹೊರಗೆ ಬಯಲಿನಲ್ಲಿ ನಿಲ್ಲಿಸಿದೆವು. ನಾನು ಎಂದಿನಂತೆ ಚೀಲ ಹಿಡಿದು, ಬಾಣಂತಿಯೊಬ್ಬಳನ್ನು ನೋಡಲು ಊರೊಳಗೆ ಹೋದೆ. ಪಾಷಾ ಅವರು ಮಂಚದ ಕೆಳಗಿದ್ದ ಬ್ಯಾಟರಿಗಳ ಹತ್ತಿರ ಮಲಗಿ ತಂತಿ ನೋಡುತ್ತಿದ್ದರು. ಹೊರಗೆ ನೆತ್ತಿ ಸುಡುವ ಬಿಸಿಲು. ನಾನು ವಾಪಸ್ಸು ಬರುವಾಗ ಅವರು ಹಿಂದಿನ ಏಣಿಯ ಮೇಲೆ ನಿಂತಿದ್ದರು.

"ಅಮ್ಮಾ, ಒಂದು ಸಲ ಮೇಲೆ ಬನ್ನಿ" ಎಂದರು.

ನಲವತ್ತಾರು ವರ್ಷದ ಹೆಂಗಸು, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ. ನೆಲದ ಮೇಲೆ ನಿಂತವರಿಗೆ ಗಾಡಿಯ ನೆತ್ತಿ ಕಾಣುವುದಿಲ್ಲ, ಅಲ್ಲಿಯವರೆಗೆ ನಾನು ಒಂದು ಸಲವೂ ಹತ್ತಿ ನೋಡಿರಲಿಲ್ಲ. ನಾಲ್ಕು ಪ್ಯಾನಲ್ಲಿನ ಮೇಲೂ ಅಂದವಾಗಿ, ಒಂದು ಸುಕ್ಕಿಲ್ಲದೆ ಹಸಿರು ಗವಸು ಹಾಸಿತ್ತು. ಸುತ್ತ ಲಾಡಿ ಎಳೆದು ಬಿಗಿದಿತ್ತು. ನಾಲ್ಕು ಮೂಲೆಗೆ ನಾಲ್ಕು ಗಿಣಿ, ಕೆಂಪು ದಾರದ ಕೊಕ್ಕು. ನಾನು ಕೊಟ್ಟ ಬಟ್ಟೆ.

ಆಂಜಿನಪ್ಪ ಕೆಳಗೆ ನಿಂತು ಸಂತೋಷದಿಂದ ನಮ್ಮನ್ನೇ ನೋಡುತ್ತಿದ್ದ. ಹೆಂಡತಿಯ ಕೈಕೆಲಸ ಯಾರೋ ಕೊನೆಗೂ ನೋಡಿದರಲ್ಲ ಎಂದು ಅವನಿಗೆ ಹೆಮ್ಮೆ. ನಾನು ಅಲ್ಲಿಂದಲೇ ಶುರುಮಾಡಿದೆ. ಗಾಡಿ ನಿಂತಾಗಲೆಲ್ಲ ಹಾಕುತ್ತೀಯಾ ಎಂದು ಕೇಳಿದೆ. ಹೂಂ ಅಕ್ಕ, ನಿಂತ ತಕ್ಷಣ ಹಾಕ್ತೀನಿ, ಹೊರಡೋವಾಗ ತೆಗೀತೀನಿ, ಒಂದು ದಿನವೂ ಮರೆತಿಲ್ಲ ಎಂದ. ನನಗೆ ತಲೆ ಕೆಟ್ಟುಹೋಯಿತು. ಲೇ ಮುಠ್ಠಾಳ ಎಂದು ಆರಂಭಿಸಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಮುಖ ಬಿಳಿಚಿಕೊಂಡಿತು.

"ಓಡೋವಾಗ ತಾನೇ ಅಕ್ಕ ಬ್ಯಾಟರಿ ಚಾರ್ಜ್ ಆಗೋದು? ನಿಂತಾಗ ಯಾವ ಗಾಡೀಲಿ ಆಗುತ್ತೆ? ಇದು ಬೇರೆ ಥರ ಅಂತ ನಂಗ್ಯಾರು ಹೇಳಿದ್ರು? ಧೂಳು ಕೂತ್ರೆ ಸಂಬಳ ಹಿಡೀತೀವಿ ಅಂದ್ರು, ಅಷ್ಟೇ ಹೇಳಿದ್ದು."

ಅವನಿಗೆ ಯಾರು ಹೇಳಿದರು? ಕದಿರೇಶ ಹೇಳಲಿಲ್ಲ. ಸೆಕ್ರೆಟರಿ ಹೇಳಲಿಲ್ಲ. ಬಿಸಿಲಿಗೆ ಮುಳ್ಳು ಏಳುವುದನ್ನು ಕಣ್ಣಾರೆ ನೋಡಿದ ನಾನು ಹೇಳಲಿಲ್ಲ. ಅವನನ್ನು ಟೀ ತರಲು ಕಳಿಸಿದ್ದೆ.

ಏಣಿಯಿಂದ ಇಳಿದು ಪಾಷಾ ಅವರಿಗೆ ತಪ್ಪಾಯಿತು ಎಂದೆ. ಅವರು ಬೀಡಿ ಹಚ್ಚಿಕೊಂಡರು.

"ಬೈದಿದ್ದು ನನ್ನ ಶೆಡ್ಡಲ್ಲಿ, ಹತ್ತು ಜನರ ಮುಂದೆ. ತಪ್ಪಾಯ್ತು ಅನ್ನೋದು ಇಲ್ಲಿ, ಯಾರೂ ಇಲ್ಲದ ಬಯಲಲ್ಲಿ. ಇದು ಯಾವ ಲೆಕ್ಕ ಅಮ್ಮಾ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಸಂಜೆ ಬಿಸಿಲಿರುವಾಗಲೇ ಮುಳಬಾಗಿಲಿಗೆ ಹೋಗಿ, ಅದೇ ಶೆಡ್ಡಿನಲ್ಲಿ, ಆಳುಗಳನ್ನೆಲ್ಲ ಕರೆದು ನಿಲ್ಲಿಸಿ, ಪಾಷಾ ಅವರ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ, ತಪ್ಪು ನಮ್ಮದು, ಕಳ್ಳ ಎಂದ ನನ್ನ ನಾಲಿಗೆಗೆ ಬುದ್ಧಿ ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಅವರು ತಲೆಯಾಡಿಸಿ ಟೀ ತರಿಸಿದರು. ಟೀ ತರಲು ಹೊರಟ ಆಂಜಿನಪ್ಪನನ್ನು ತಡೆದು ಕೂರಿಸಿ, ಪಾಷಾ ಅವರೇ ಪ್ಯಾನಲ್ಲಿನ ಮೇಲೆ ಟವಲ್ಲು ಹಾಸಿ, ತೆಗೆದು, ಮುಳ್ಳು ಬೀಳುವುದನ್ನೂ ಏಳುವುದನ್ನೂ ತೋರಿಸಿದರು. ಅವನಿಗೆ ಅರ್ಥವಾಗಲು ಒಂದು ನಿಮಿಷ ಸಾಕಾಯಿತು. ಆಮೇಲೆ ಅವನು ಗೋಡೆಯ ಕಡೆ ತಿರುಗಿಕೊಂಡು ನಿಂತುಬಿಟ್ಟ.

ಮಾರನೇ ದಿನ ಕೋಲಾರದ ಆಫೀಸಿಗೆ ಹೋಗಿ, ಆ ಅರವತ್ತೇಳು ಮಕ್ಕಳ ಮನೆಗೂ ಹೋಗಿ ನಿಜ ಹೇಳಿ ಮತ್ತೆ ಹನಿ ಹಾಕುತ್ತೇನೆ ಎಂದೆ. ಕೋದಂಡರಾಮಪ್ಪನವರು ಬಾಗಿಲು ಮುಂದೆ ಮಾಡಿದರು. ವರದಿ ಆಗಲೇ ಹೋಗಿದೆ, ಫೋಟೋ ಸಮೇತ ಹೋಗಿದೆ ಎಂದರು. ಹೇಗೂ ಮುಂದಿನ ತಿಂಗಳು ಎರಡನೇ ಹನಿ ಹಾಕಬೇಕು, ಅದನ್ನೇ ಮೊದಲನೆಯದು ಎಂದುಕೊಂಡರಾಯಿತು, ಜನರಿಗೆ ಹೇಳುವುದೇಕೆ? ಹೇಳಿದರೆ ಗಾಡಿಯ ಹೆಸರು ಕೆಡುತ್ತದೆ, ಎರಡನೇ ಗಾಡಿ ಬರುವುದು ತಪ್ಪುತ್ತದೆ.

"ಆ ಹೆಂಗಸರಿಗೆ ಹೇಳಿದ್ರೂ ಏನು ಅರ್ಥ ಆಗುತ್ತಮ್ಮ? ಸುಮ್ಮನೆ ಊರು ಹತ್ತಿ ಉರಿಯುತ್ತೆ" ಎಂದರು.

ಅರ್ಥವಾಗುವುದಿಲ್ಲವಂತೆ. ಆಂಜಿನಪ್ಪನಿಗೂ ಅರ್ಥವಾಗುವುದಿಲ್ಲವೆಂದೇ ಯಾರೂ ಹೇಳಿರಲಿಲ್ಲ. ಪಾಷಾ ಅವರಿಗೆ ನಕ್ಷೆ ಅರ್ಥವಾಗುವುದಿಲ್ಲವೆಂದೇ ಕದಿರೇಶ ಅವರ ಮೇಲೆ ತಪ್ಪು ಹೊರಿಸಿದ್ದ. ಈಗ ಅರವತ್ತೇಳು ತಾಯಂದಿರ ಸರದಿ. ಮುಂದಿನ ತಿಂಗಳೊಳಗೆ ಒಂದು ಮಗುವಿಗೆ ಜ್ವರ ಬಂದು ಕಾಲು ಬಿದ್ದರೆ ಆ ತಾಯಿಗೆ ನಾನು ಏನು ಹೇಳಲಿ ಸ್ವಾಮಿ, ವರದಿ ಹೋಗಿತ್ತು ಎನ್ನಲೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೋದರೆ ನನ್ನ ಕೆಲಸದ ವಿಷಯ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸಿ ಎಂದೆ. ಹೊಸ ಹನಿಯ ಸೀಸೆಗಳನ್ನು ತೆಗೆದುಕೊಂಡು, ನಂಬಿಕೆ ಸಾಲದೆ ಒಂದು ಡಬ್ಬ ಐಸನ್ನೂ ಇಟ್ಟುಕೊಂಡು ಹೊರಟೆ. ಗಾಡಿ ಬಿಡಬೇಡ ಎಂದು ಅವರು ಮಹಡಿಯಿಂದ ಕೂಗಿದ್ದು ಆಂಜಿನಪ್ಪನಿಗೆ ಕೇಳಿಸಿತು. ಅವನು ಗೇರು ಹಾಕಿದ.

ಮೊದಲು ನಲ್ಲಬಂಡಪಲ್ಲಿಗೇ ಹೋದೆ. ಎಲ್ಲಕ್ಕಿಂತ ಕಷ್ಟವಾದದ್ದು ಮೊದಲು ಮುಗಿಯಲಿ ಎಂದು. ಮನೆಮನೆಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ಪಾಷಾ ಅವರ ಮಾತು ನೆನಪಾಯಿತು. ಹನಿ ಹಾಕಿದ್ದು ಕಟ್ಟೆಯ ಹತ್ತಿರ, ಎಲ್ಲರ ಮುಂದೆ. ಅಲ್ಲೇ ಗಾಡಿ ನಿಲ್ಲಿಸಿದೆ, ನೆರಳು ಬಿಟ್ಟು ಬಿಸಿಲಿನಲ್ಲಿ. ಹೆಂಗಸರೆಲ್ಲ ಸೇರಿದ ಮೇಲೆ ಹೇಳಿದೆ. ಹೋದ ವಾರ ಹಾಕಿದ ಹನಿ ಸತ್ತಿತ್ತು, ಗಾಡಿಯ ಮೇಲಿನ ಗಾಜಿಗೆ ಬಟ್ಟೆ ಮುಚ್ಚಿದ್ದರಿಂದ ಬಿಸಿಗೆ ಕೆಟ್ಟಿತ್ತು, ಅದರಿಂದ ಮಕ್ಕಳಿಗೆ ಕೆಟ್ಟದ್ದೇನೂ ಆಗುವುದಿಲ್ಲ, ಆದರೆ ಕಾಪಾಡುವುದೂ ಇಲ್ಲ. ತಪ್ಪು ಡ್ರೈವರದಲ್ಲ. ಮುಳ್ಳು ನೋಡಿಯೂ ಹಾಕಿದವಳು ನಾನು.

ಗದ್ದಲ ಎದ್ದಿತು. ಇಬ್ಬರು ಮಕ್ಕಳನ್ನು ಎತ್ತಿಕೊಂಡು ಎದ್ದು ಹೋದರು. ಚಿಕ್ಕಗಂಗಮ್ಮ ಗುಂಪು ಸೀಳಿಕೊಂಡು ಬಂದಳು. ಮೊಮ್ಮಗನನ್ನು ಮಗಳ ಕೈಗೆ ಕೊಟ್ಟು, ಎಲ್ಲಿ, ಆ ಗಾಜು ಎಲ್ಲಿ, ಬಟ್ಟೆ ತೆಗೆದಿದ್ದೀರೋ ಇಲ್ಲವೋ ನಾನೇ ನೋಡಬೇಕು ಎಂದಳು. ನಾನು ಏಣಿ ತೋರಿಸಿದೆ. ನಲವತ್ತು ದಾಟಿದ ಹೆಂಗಸು, ಮೂರು ಮೆಟ್ಟಿಲು, ನಾಲ್ಕು ಮೆಟ್ಟಿಲು ಹತ್ತಿ ನೆತ್ತಿಯ ಮೇಲೆ ಕೈಯಿಟ್ಟು ನೋಡಿದಳು. ಆಂಜಿನಪ್ಪ ಕೆಳಗೆ ಏಣಿ ಹಿಡಿದಿದ್ದ.

ಅಲ್ಲಿ ನಿಂತುಕೊಂಡೇ ಬೈಯಲು ಶುರುಮಾಡಿದಳು. ಕನ್ನಡ ಸಾಲದೆ ತೆಲುಗಿಗೆ ಹೋದಳು, ತೆಲುಗು ಸಾಲದೆ ಮತ್ತೆ ಕನ್ನಡಕ್ಕೆ ಬಂದಳು. ನನ್ನ ಬಿಳಿ ಸೀರೆಯನ್ನು ಬೈದಳು, ನನ್ನ ಓದನ್ನು ಬೈದಳು, ನನ್ನ ಹೆತ್ತವರನ್ನು ಬೈದಳು. ಸಂತೆ ಬಾಗಿಲಲ್ಲಿ ನಿಂತಿದ್ದ ಗಾಡಿಯನ್ನು ಬೈದಳು, ಎರಡು ತಿಂಗಳ ಕೀವನ್ನು ಬೈದಳು, ತನಗೆ ಹುಟ್ಟದೆ ಹೋದ ಮಕ್ಕಳ ಲೆಕ್ಕ ಹೇಳಿ ಬೈದಳು. ನಾಲ್ಕು ತಾಲ್ಲೂಕಿಗೆ ಬಾಯಿಯೆಂದು ಹೆಸರಾದ ನಾನು ಸೆರಗು ಹೊದ್ದು ತಲೆ ತಗ್ಗಿಸಿ ನಿಂತಿದ್ದೆ. ಕೊನೆಗೆ ಯಾರೋ ಹಿರಿಯರು, ಸಾಕು ಬಿಡಮ್ಮ, ತಪ್ಪಾಯಿತು ಅಂತ ಒಪ್ಪಿಕೊಂಡವಳನ್ನ ಇನ್ನೆಷ್ಟು ಬೈತೀಯ, ಆ ಗಾಡಿಯೇ ಬೇರೆ, ಇವಳೇ ಬೇರೆ ಎಂದರು.

ಚಿಕ್ಕಗಂಗಮ್ಮ ಏಣಿಯ ಮೇಲಿಂದ ಅವರ ಕಡೆ ತಿರುಗಿದಳು.

"ನಂಗೊತ್ತಿಲ್ವಾ? ಆ ಗಾಡಿಯೋರು ಒಬ್ಬರಾದ್ರೂ ತಿರುಗಿ ಬಂದು ತಪ್ಪಾಯ್ತು ಅಂದ್ರಾ? ಹನ್ನೊಂದು ವರ್ಷ ಕಾದೆ, ಬೈಯೋಕೆ ಒಬ್ಬರೂ ಸಿಗಲಿಲ್ಲ. ಇವಳೊಬ್ಬಳು ಬಂದಳು. ಇವಳನ್ನಲ್ದೆ ಯಾರನ್ನ ಬೈಯಲಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೆಳಗೆ ನೋಡಿ ನನ್ನನ್ನು ಕೇಳಿದಳು.

"ಈ ಸಲದ್ದು ಬದುಕಿದೆಯಾ?"

ಮುಳ್ಳು ನಾಲ್ಕರಲ್ಲಿದೆ, ಇಳಿದು ಬಂದು ನೋಡು ಎಂದೆ. ಬೇಡ, ನೀನೇ ಇನ್ನೊಂದು ಸಲ ನೋಡು ಎಂದಳು. ನೋಡಿದೆ. ನಾಲ್ಕೇ ಇತ್ತು. ಮಗೂನ ಬಾಯಿ ತೆಗೆಸೇ ಎಂದು ಮಗಳಿಗೆ ಹೇಳಿದಳು. ನಾನು ಸೀಸೆ ತೆಗೆದು ಎರಡು ಹನಿ ಹಾಕಿದೆ. ಮಗು ಮುಖ ಕಿವುಚಿ ನುಂಗಿತು. ಮೇಲಿಂದ ಬೈಗುಳ ಬಿಟ್ಟಲ್ಲಿಂದ ಮತ್ತೆ ಶುರುವಾಯಿತು. ನಾನು ಮುಂದಿನ ಮಗುವನ್ನು ಕರೆದೆ.